ಸುರುಳಿಗೆ ಎರಡು ತುತ್ತು

ಗ್ರಾಮಫೋನಿಗೆ ಕೀ ಕೊಡುವ ಹಿಡಿಯನ್ನು ಮುಟ್ಟುವ ಮೊದಲು ಕೀಲಿಯಮ್ಮ ತಿರುಗುವ ತಟ್ಟೆಯ ತಡೆಯನ್ನು ಸರಿಸಿ ನೋಡಿದಳು. ಕೀ ಕೊಡದ ಯಂತ್ರ ಸುಮ್ಮನೆ ಬಿದ್ದಿರಬೇಕಿತ್ತು. ಅದು ತಿರುಗಿತು.

ಮೆಲ್ಲಗೆ, ಸಂಕೋಚಪಡುತ್ತಾ ಕೆಲವು ಸುತ್ತು ಹೋಗಿ, ನಿದ್ದೆ ಬಂದವರು ಮಾತಿನ ಮಧ್ಯೆ ಮೌನವಾಗುವ ಹಾಗೆ ತಾನಾಗಿಯೇ ನಿಂತಿತು.

ಅವಳ ಕೈ ಗಾಳಿಯಲ್ಲೇ ಉಳಿಯಿತು.

"ಏನಾಯ್ತು?" ಎಂದರು ವಸ್ತು ಸಂಗ್ರಹಾಲಯದ ಮೇಲ್ವಿಚಾರಕರು. ಮೇಜಿನ ಆಚೆ ನಿಂತು ಕನ್ನಡಕ ಒರೆಸುತ್ತಿದ್ದರು. ಬೆಳಗಿನಿಂದ ಅದನ್ನೇ ಒರೆಸುತ್ತಿದ್ದರು.

"ಇದಕ್ಕೆ ಯಾರೋ ತುತ್ತು ಕೊಟ್ಟಿದ್ದಾರೆ."

"ನಿಮ್ಮ ಭಾಷೆ ನಿಮಗೇ ಅರ್ಥ ಆಗಬೇಕು."

ಕೀಲಿಯಮ್ಮನ ಮುಂದಿದ್ದದ್ದು ನಕಲಿ ಗ್ರಾಮಫೋನ್. ಅದು ನಕಲಿ ಎಂದು ಬೆಳಗ್ಗೆ ಗುರುತಿಸಿದವಳೂ ಅವಳೇ. ಅಸಲಿಯನ್ನು ಇದೇ ಹಿಂಗೋಣೆಯಲ್ಲಿ, ಇದೇ ಮೇಜಿನ ಮೇಲೆ ತಿಂಗಳುಗಟ್ಟಲೆ ಕೂತು ಬದುಕಿಸಿದ್ದಳು. ಒಳಗಿನ ಗ್ರೀಸು ಡಾಂಬರಿನಂತೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ, ಸ್ಪ್ರಿಂಗಿನ ಉಕ್ಕಿನ ಸುರುಳಿಯನ್ನು ಗೇಣು ಗೇಣಾಗಿ ಬಿಡಿಸಿ ಒರೆಸಿ, ಮತ್ತೆ ಸುತ್ತಿ ಕೂರಿಸಿದ್ದಳು. ಅಸಲಿ ಹೌದು ಎಂದು ಸಾರಿ ಹೇಳಿದ್ದಳು. ಅವಳ ಮಾತಿನ ಮೇಲೇ ಅದನ್ನು ಗಾಜಿನ ಕಪಾಟಿನಲ್ಲಿ ಇಟ್ಟಿದ್ದರು. ಇಂದು ಬೆಳಗ್ಗೆ ಅಲ್ಲಿ ಇದಿತ್ತು, ಅಸಲಿ ಕಾಣೆಯಾಗಿತ್ತು.

ಹೊರಗಿನಿಂದ ನೋಡಿದರೆ ಎರಡೂ ಅವಳಿ ಮಕ್ಕಳು. ಹೂವಿನ ಹಾಗೆ ಅರಳಿದ ಅದೇ ಕಹಳೆ, ಅದೇ ಕಡುಗಂದು ಪೆಟ್ಟಿಗೆ. ಆದರೆ ಅಸಲಿಯಲ್ಲಿ ಸೂಜಿಯ ಕಂಪನವನ್ನು ದನಿಯಾಗಿಸುವ ಅಭ್ರಕದ ಬಿಲ್ಲೆಯ ಅಂಚಿನಲ್ಲಿ ಸಾಸಿವೆಯಷ್ಟು ಗುಳ್ಳೆಯಿತ್ತು. ಇದರ ಬಿಲ್ಲೆ ನಿಷ್ಕಳಂಕ. ಅಸಲಿಯ ಮುಚ್ಚಳ ತೆರೆದರೆ ಅಜ್ಜಿಯ ಕಪಾಟಿನ ವಾಸನೆ ಬರುತ್ತಿತ್ತು. ಇದರಲ್ಲಿ ಮೆರುಗೆಣ್ಣೆ ಇನ್ನೂ ಮೂಗಿಗೆ ಹೊಡೆಯುತ್ತಿತ್ತು.

ಎರಡು ಸಂಗತಿ ಮಾತ್ರ ಅವಳಿಗೆ ಬಗೆಹರಿದಿರಲಿಲ್ಲ. ವೇಗವನ್ನು ಹಿಡಿತದಲ್ಲಿಡುವ ಮೂರು ಗುಂಡುಗಳಿಗೆ ತಾಗುವ ಮೆತ್ತೆ ಅಸಲಿಯಲ್ಲಿ ತೊಗಲಿನದು, ಇಲ್ಲಿ ಕಣ್ಣಿಗೆ ರಾಚುವ ಹಸಿರು ಉಣ್ಣೆಯದು. ಒಳ ಹಲಗೆಗೆ ಹಾಕಿದ್ದದ್ದು ತಲೆಯಲ್ಲಿ ಕೂಡುವ ಲೆಕ್ಕದ ಗುರುತಿರುವ ಸ್ಕ್ರೂಗಳು. ಅಜ್ಜನ ಕಾಲದ ಯಂತ್ರಕ್ಕೆ ಮೊಮ್ಮಗನ ಕಾಲದ ಸ್ಕ್ರೂ. ಇಷ್ಟು ಚೆನ್ನಾಗಿ ಮಾಡಿದವನು ಇಲ್ಲಿ ಮಾತ್ರ ಯಾಕೆ ಸೋಮಾರಿಯಾದ?

ಈಗ ಈ ತುತ್ತು.

"ಹಿತ್ತಾಳೆ ಸಾಹುಕಾರನ ಕೆಲಸ ಇರಬಹುದಾ?" ಎಂದರು ಮೇಲ್ವಿಚಾರಕರು. "ಅವನು ಅಸಲಿಯನ್ನ ಕೊಳ್ಳೋಕೆ ಎಷ್ಟು ಸಲ ಬಂದು ಹೋದ."

"ಅವನಿಗೆ ಯಂತ್ರದ ಮುಖ ಯಾವುದು, ಬೆನ್ನು ಯಾವುದು ಅಂತಲೇ ಗೊತ್ತಿಲ್ಲ. ಇದು ಗೊತ್ತಿರೋರ ಕೆಲಸ." ಅವಳು ಸ್ಟೂಲಿನ ಮೇಲೆ ಕುಳಿತಳು. ಮೊಣಕಾಲು ನೋಯುತ್ತಿತ್ತು. "ನಮ್ಮ ಮೇಷ್ಟ್ರು ಒಂದು ಮಾತು ಹೇಳ್ತಿದ್ರು. ಸುರುಳಿಯನ್ನ ಹೊಟ್ಟೆ ತುಂಬಿಸಿ ಮಲಗಿಸಬಾರದು, ದಣಿದು ಮುರಿಯುತ್ತೆ. ಹಸಿದೂ ಮಲಗಿಸಬಾರದು, ಪೂರ್ತಿ ಸಡಿಲಾದ್ರೆ ಅದರ ತುದಿ ಕೊಂಡಿಯಿಂದ ಕಳಚ್ಕೊಳ್ಳುತ್ತೆ. ಕೆಲಸ ಮುಗಿದ ಮೇಲೆ ಪೂರ್ತಿ ಇಳಿಸು, ಆಮೇಲೆ ಹಿಡಿಯನ್ನ ಎರಡು ಸುತ್ತು ತಿರುಗಿಸಿ ಬಿಡು. ಎರಡು ತುತ್ತು. ಹಾಡಿನ ಒಂದು ಸಾಲಿಗೆ ಸಾಲುವಷ್ಟು."

"ಸರಿ, ಅದಕ್ಕೇನು?"

"ನಾನು ಎಷ್ಟೋ ಊರಿನ ರಿಪೇರಿಯವರನ್ನ ನೋಡಿದ್ದೀನಿ. ಈ ಅಭ್ಯಾಸ ಇನ್ನೆಲ್ಲೂ ಕಂಡಿಲ್ಲ. ಈ ನಕಲಿಯನ್ನ ತಂದಿಟ್ಟವನು ಹೊರಡೋ ಮುಂಚೆ ಇದಕ್ಕೆ ಎರಡು ತುತ್ತು ಕೊಟ್ಟು ಹೋಗಿದ್ದಾನೆ. ಕದಿಯೋಕೆ ಬಂದವನಿಗೆ ಅಭ್ಯಾಸ ಬಿಡಲಿಲ್ಲ."

"ಮೇಷ್ಟ್ರ ಹತ್ತಿರ ಕಲಿತವರು ಎಷ್ಟು ಜನ?"

"ಇಬ್ಬರೇ. ಒಬ್ಬಳು ನಿಮ್ಮ ಮುಂದೆ ಕೂತಿದ್ದಾಳೆ."

ಇನ್ನೊಬ್ಬರ ಹೆಸರನ್ನು ಅವಳು ಹೇಳಲಿಲ್ಲ. ಮೇಲ್ವಿಚಾರಕರು ಕೇಳಲೂ ಇಲ್ಲ.

ಬಾಗಿಲ ಬಳಿಯ ಬೆಂಚಿನ ಮೇಲೆ ಕಾವಲುಗಾರ ತಲೆ ತಗ್ಗಿಸಿ ಕುಳಿತಿದ್ದ. ಅವನಿಗೆ ಟಾರ್ಚು ತಾತ ಎಂದು ಹೆಸರಿಟ್ಟವಳು ಕೀಲಿಯಮ್ಮನೇ. ಅವಳು ಸುರುಳಿ ಬಿಡಿಸುತ್ತಿದ್ದಷ್ಟು ದಿನವೂ ಪಕ್ಕದಲ್ಲಿ ನಿಂತು, ತೋಳು ಮರಗಟ್ಟಿದರೂ ಇಳಿಸದೆ, ಬೆಳಕು ಹಿಡಿದವನು. ಅವಳು ಕೇಳದೆಯೇ ಬಿಸಿನೀರು ತಂದವನು, ಸ್ಟೂಲಿನ ಕುಂಟುವ ಕಾಲಿಗೆ ರಟ್ಟು ಮಡಿಸಿ ಇಟ್ಟವನು. ಆ ರಟ್ಟು ಈಗಲೂ ಅಲ್ಲೇ ಇತ್ತು.

ಕಪಾಟಿನ ಬೀಗದ ಕೈ ಇದ್ದದ್ದು ಅವನ ಬಳಿ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಅವನನ್ನು ಪೊಲೀಸರಿಗೆ ಒಪ್ಪಿಸುವುದೆಂದು ತೀರ್ಮಾನವಾಗಿತ್ತು.

"ಅವರನ್ನ ಬಿಡಿ," ಎಂದಳು ಕೀಲಿಯಮ್ಮ. "ಕೀಲಿ ಕದ್ದು ತಿರುಗಿಸಿ ವಾಪಸ್ ಇಡೋಕೆ ಎಷ್ಟು ಹೊತ್ತು ಬೇಕು? ಸಂಜೆಯೊಳಗೆ ಹೆಸರು ತರ್ತೀನಿ. ತರದಿದ್ರೆ ಅವರ ಜಾಗದಲ್ಲಿ ನಾನು ನಿಲ್ತೀನಿ."

ಮೇಲ್ವಿಚಾರಕರು ವಾದಿಸಬಹುದೆಂದು ಅವಳು ಸೆರಗು ಸಿಕ್ಕಿಸಿಕೊಂಡು ಕುಳಿತಿದ್ದಳು. ಅವರು ಕನ್ನಡಕ ಏರಿಸಿಕೊಂಡರು, ಅಷ್ಟೇ. "ನಿಮ್ಮ ಮಾತು ಅಂದ್ಮೇಲೆ ಮುಗೀತು. ನಾನು ಇಲ್ಲೇ ಇರ್ತೀನಿ. ನನ್ನ ಕೋಣೆಗೆ ಸುಣ್ಣ ಬಳೀತಿದ್ದಾರೆ, ಅಲ್ಲಿ ಕೂರೋ ಹಾಗಿಲ್ಲ."

ತಾತ ಎದ್ದು ಬಂದು ಅವಳ ಕೈಚೀಲವನ್ನು ಎತ್ತಿಕೊಟ್ಟ. "ನನ್ನ ಸಲುವಾಗಿ ಮಾತು ಕೊಡಬೇಡಿ ಅಮ್ಮ," ಎಂದ ತಗ್ಗಿದ ದನಿಯಲ್ಲಿ. "ಮಾತು ಅನ್ನೋದು ಸಾಲ ಕೊಟ್ಟ ಕೊಡೆ ಇದ್ದ ಹಾಗೆ. ವಾಪಸ್ ಬರಲ್ಲ."

"ನನ್ನ ಕೊಡೆ ಗಟ್ಟಿ ಇದೆ ತಾತ," ಎಂದು ನಕ್ಕು ಅವಳು ಹೊರಟಳು.

ನಗು ಬಾಗಿಲಿನವರೆಗೆ ಮಾತ್ರ ಇತ್ತು.

ಮೇಷ್ಟ್ರ ಇನ್ನೊಬ್ಬ ಶಿಷ್ಯ ಸೂಜಿಯಣ್ಣನ ಕೆಲಸದ ಕೋಣೆ ಸೈಕಲ್ ಅಂಗಡಿಯ ಮೇಲಿತ್ತು. ಮರದ ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲೂ ಅವಳಿಗೆ ಬುದ್ಧಿ ಹೇಳಿತು: ಹಿಂದಿರುಗು. ಅವನು ಒಡಹುಟ್ಟಿದವನಲ್ಲ, ಆದರೆ ಒಡಹುಟ್ಟಿದವರೂ ಇಷ್ಟು ಮಾಡಿರಲಿಲ್ಲ. ಮೇಷ್ಟ್ರು ಸಾಯುವಾಗ ತಮ್ಮ ಸಲಕರಣೆಯ ಕಟ್ಟನ್ನು ಅವನ ಕೈಗೆ ಕೊಟ್ಟರು. ಅವನು ಅದನ್ನು ಹಾಗೆಯೇ ತಂದು ಅವಳ ಮಡಿಲಲ್ಲಿ ಇಟ್ಟ. "ನನಗೆ ಹೇಗೂ ಕೆಲಸ ಸಿಗುತ್ತೆ. ಹೆಂಗಸು ಅಂತ ನಿನಗೆ ಯಾರೂ ಕೊಡಲ್ಲ. ಸಲಕರಣೆನಾದ್ರೂ ಇರಲಿ." ಅವಳ ಅಂಗಡಿ ತೆರೆದದ್ದು ಆ ಕಟ್ಟಿನಿಂದ.

"ಬಾ ತಂಗಿ. ಮೆಟ್ಟಿಲ ಸದ್ದು ಕೇಳಿ ನೀನೇ ಅಂದ್ಕೊಂಡೆ. ಇಷ್ಟು ನಿಧಾನವಾಗಿ ಹತ್ತೋರು ನೀನು, ಇಲ್ಲ ಬಾಡಿಗೆ ಬಾಕಿ ಇರೋ ದಿನ ನಾನು."

ಕಿಟಕಿಯ ಪಕ್ಕದ ಕುರ್ಚಿಯ ಮೇಲೆ ಅವಳ ಮೊಣಕಾಲಿಗೆಂದೇ ಇಟ್ಟ ದಿಂಬಿತ್ತು. ಯಾವಾಗಲೂ ಇರುತ್ತಿತ್ತು. ಕೀಲಿಯಮ್ಮ ಕೂರಲಿಲ್ಲ.

ಸೂಜಿಯಣ್ಣ ಎಡಗೈಯಲ್ಲಿ ಫ್ಲಾಸ್ಕ್ ಬಗ್ಗಿಸಿ ಟೀ ಸುರಿದ. ಗೋಡೆಯುದ್ದಕ್ಕೂ ಸೂಜಿಯ ಪುಟ್ಟ ಡಬ್ಬಗಳು, ಕಹಳೆಯಿಲ್ಲದ ಪೆಟ್ಟಿಗೆಗಳು, ಪೆಟ್ಟಿಗೆಯಿಲ್ಲದ ಕಹಳೆಗಳು. ಮೇಜಿನ ಮೂಲೆಯಲ್ಲಿ ಒಂದು ತುಂಡು ಬಟ್ಟೆ.

ಹಸಿರು ಉಣ್ಣೆ.

ಅವಳು ಅದನ್ನು ಎತ್ತಿ ಬೆರಳುಗಳ ನಡುವೆ ಉಜ್ಜಿ ನೋಡಿದಳು.

"ಅಣ್ಣ, ಒಂದು ಮಾತು ಕೇಳ್ತೀನಿ. ಇಲ್ಲ ಅಂದ್ರೆ ನಂಬ್ತೀನಿ."

"ಹಾಗಾದ್ರೆ ಕೇಳೋದೇ ಬೇಡ. ಇಲ್ಲ."

"ತಮಾಷೆ ಅಲ್ಲ. ಸಂಗ್ರಹಾಲಯದಲ್ಲಿರೋ ಗ್ರಾಮಫೋನಿನ ನಕಲನ್ನ ಮಾಡಿದ್ದು ನೀನಾ?"

"ಹೌದು," ಎಂದ ಅವನು. "ಯಾಕೆ, ಚೆನ್ನಾಗಿ ಬಂದಿಲ್ವಾ?"

ಇಷ್ಟು ಸಲೀಸಾಗಿ ಬಂದ ಉತ್ತರಕ್ಕೆ ಅವಳು ಸಿದ್ಧಳಾಗಿರಲಿಲ್ಲ. ಸುಳ್ಳು ಹೇಳಿದ್ದರೆ ಹಿಡಿಯಬಹುದಿತ್ತು. ನಿಜವನ್ನು ಟೀಯಂತೆ ಮುಂದಿಟ್ಟರೆ ಏನು ಮಾಡುವುದು?

"ಅಸಲಿ ಎಲ್ಲಿದೆ?"

"ನಿನ್ನ ಕಪಾಟಿನಲ್ಲಿ. ಇನ್ನೆಲ್ಲಿರುತ್ತೆ?"

"ಕಪಾಟಿನಲ್ಲಿ ನಿನ್ನ ನಕಲಿದೆ. ಅಸಲಿ ಹೋಗಿದೆ. ತಂದಿಟ್ಟವನು ಅದಕ್ಕೆ ಎರಡು ತುತ್ತು ಕೊಟ್ಟು ಹೋಗಿದ್ದಾನೆ, ಅಣ್ಣ. ಎರಡು ತುತ್ತು."

ಸೂಜಿಯಣ್ಣನ ಕೈಯ ಲೋಟ ಅರ್ಧದಲ್ಲೇ ನಿಂತಿತು. ಅವನು ಅದನ್ನು ನಿಧಾನವಾಗಿ ಕೆಳಗಿಟ್ಟ. ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದರು.

"ಅಲ್ಲಿ ನನ್ನ ಹೆಸರು ಹೇಳಿ ಬಂದ್ಯಾ?"

"ಹೆಸರು ಹೇಳಲಿಲ್ಲ. ಮೇಷ್ಟ್ರ ಶಿಷ್ಯರು ಇಬ್ಬರೇ ಅಂದೆ."

"ಇಬ್ಬರಲ್ಲಿ ನಿನ್ನನ್ನ ಕಳೆದ್ರೆ ಎಷ್ಟು ಉಳಿಯುತ್ತೆ ಅನ್ನೋ ಲೆಕ್ಕ ಅವರಿಗೂ ಬರುತ್ತೆ, ನನಗೂ ಬರುತ್ತೆ."

ಕೀಲಿಯಮ್ಮ ತಲೆ ತಗ್ಗಿಸಲಿಲ್ಲ. ತಗ್ಗಿಸಿದ್ದರೆ ಎತ್ತಲಾಗುತ್ತಿರಲಿಲ್ಲ. "ನಾನು ಏನು ಅಂದ್ಕೋಬೇಕಿತ್ತು? ನೀನೇ ಹೇಳು."

"ಏನೂ ಅಂದ್ಕೋಬೇಕಾಗಿರಲಿಲ್ಲ. ಬಂದು ಕೇಳಿದ್ರೆ ಸಾಕಿತ್ತು." ಅವನು ಎದ್ದು ನಿಂತ. "ಕಣ್ಣು ಬಿಟ್ಟು ನೋಡು ತಂಗಿ. ನಾನು ಕದಿಯೋಕೆ ನಕಲು ಮಾಡೋನಾಗಿದ್ರೆ ಕೂಡೋ ಗುರುತಿನ ಸ್ಕ್ರೂ ಹಾಕ್ತಿದ್ನಾ? ಹಸಿರು ಮೆತ್ತೆ ಇಡ್ತಿದ್ನಾ? ಮುಚ್ಚಳ ತೆಗೆದ ಯಾರಿಗಾದ್ರೂ ಇದು ಅಸಲಿ ಅಲ್ಲ ಅಂತ ಗೊತ್ತಾಗಲಿ, ಮುಂದೆ ಯಾರೂ ಮೋಸ ಹೋಗದಿರಲಿ ಅಂತ ಹಾಕಿದ್ದು. ಮೇಷ್ಟ್ರು ಕಲಿಸಿದ್ದು ಅದನ್ನೂ ಅಲ್ವಾ?"

ಅವಳಿಗೆ ನೆನಪಾಯಿತು. ನಕಲು ಮಾಡಿದರೆ ಹೊಟ್ಟೆಯೊಳಗೆ ಸತ್ಯ ಹೇಳುವ ಒಂದು ಗುರುತು ಇಡು, ಎನ್ನುತ್ತಿದ್ದರು ಮೇಷ್ಟ್ರು. ಬೆಳಗಿನಿಂದ ಅವಳು ಸೋಮಾರಿತನ ಎಂದುಕೊಂಡದ್ದು ಅವನ ಪ್ರಾಮಾಣಿಕತೆಯನ್ನು. ಮೇಷ್ಟ್ರ ಒಂದು ಮಾತು ನೆನಪಿಟ್ಟು ಇನ್ನೊಂದನ್ನು ಮರೆತಿದ್ದಳು.

"ಆದ್ರೆ ತುತ್ತು," ಎಂದಳು, ಮುಳುಗುವವಳು ಹುಲ್ಲುಕಡ್ಡಿ ಹಿಡಿದಂತೆ. "ಅದನ್ನ ನೀನಲ್ಲದೆ ಇನ್ಯಾರು..."

ಸೂಜಿಯಣ್ಣ ಬಲಗೈ ಎತ್ತಲು ಹೋದ. ಅದು ಎದೆಯ ಎತ್ತರಕ್ಕೆ ಬಂದು ನಡುಗಿ ನಿಂತಿತು. ನೋವಿಗೆ ಅವನ ಮುಖ ಕಿವುಚಿಕೊಂಡಿತು.

"ಭುಜ ಹಿಡ್ಕೊಂಡು ವರ್ಷ ಆಯ್ತು. ಮೇಜಿನ ಮೇಲೆ ಕೈ ಊರಿ ಸಣ್ಣ ಕೆಲಸ ಮಾಡ್ತೀನಿ. ಹಿಡಿ ತಿರುಗಿಸಬೇಕಾದ್ರೆ ಕೆಳಗಿನ ಸೈಕಲ್‌ನವನನ್ನ ಕರೀತೀನಿ. ಆ ಪೆಟ್ಟಿಗೆಗೆ ಹಿಡಿಯನ್ನ ಜೋಡಿಸದೇ ಕೊಟ್ಟೆ, ಬೇರೆ ಕಾಗದದಲ್ಲಿ ಸುತ್ತಿ. ತುತ್ತು ಕೊಡೋಕೆ ಆಗಲಿಲ್ವಲ್ಲ ಅಂತ ಅವತ್ತು ರಾತ್ರಿ ನಿದ್ದೆ ಬರಲಿಲ್ಲ ನನಗೆ. ನಗ್ತೀಯೇನೋ."

ಅವಳು ನಗಲಿಲ್ಲ. ಎಡಗೈಯಲ್ಲಿ ಟೀ ಸುರಿದದ್ದು, ಹೋದ ಸಲ ಬಾಗಿಲನ್ನು ಕಾಲಿಂದ ತಳ್ಳಿದ್ದು, ಅಂಗಿಯ ಮೇಲಿನ ಗುಂಡಿ ಎಂದೂ ಹಾಕದಿದ್ದದ್ದು ಒಂದೊಂದೇ ಕಣ್ಣ ಮುಂದೆ ಬಂದವು. ಅಭ್ರಕದಲ್ಲಿ ಸಾಸಿವೆಯಷ್ಟು ಗುಳ್ಳೆ ಕಂಡವಳಿಗೆ ಅಣ್ಣನ ಒಂದು ಇಡೀ ತೋಳು ಕಂಡಿರಲಿಲ್ಲ.

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿನ್ನ ಕೆಲಸ ಬಿಟ್ಟು ನನ್ನ ಕೆಲಸಕ್ಕೆ ಬರ್ತಿದ್ದೆ." ಅವನು ಟೀಯನ್ನು ಅವಳ ಕಡೆ ಸರಿಸಿದ. "ಕುಡಿ. ಆರುತ್ತೆ."

ಅವಳು ಒಂದು ಗುಟುಕು ಕುಡಿದಳು. ಅವನು ಬೈದಿದ್ದರೆ ಸುಲಭವಾಗಿ ಕುಡಿಯಬಹುದಿತ್ತು.

"ನಕಲು ಮಾಡು ಅಂತ ಹೇಳಿದ್ದು ಯಾರು ಅಣ್ಣ?"

"ನೀನು."

"ನಾನಾ?"

"ನಿನ್ನ ಹೆಸರಲ್ಲಿ ಬಂದ್ರು. ಶಾಲೆ ಮಕ್ಕಳು ಮುಟ್ಟಿ ತಿರುಗಿಸಿ ನೋಡೋಕೆ ಒಂದು ಮಾದರಿ ಬೇಕಂತೆ, ಕೀಲಿಯಮ್ಮ ಕೇಳಿದ್ದಾರೆ, ಮೊಣಕಾಲು ನೋವಲ್ವಾ, ಮೆಟ್ಟಿಲು ಹತ್ತೋಕಾಗಲ್ಲ, ಅದಕ್ಕೆ ನನ್ನನ್ನ ಕಳಿಸಿದ್ರು ಅಂದ್ರು. ನಿನ್ನ ಕೈಚೀಲವನ್ನೇ ಗುರುತಿಗೆ ತಂದಿದ್ರು. ನಿನ್ನ ಯಂತ್ರದ ಅಳತೆ ಎಲ್ಲ ಬಾಯಿಪಾಠ. ನಿನ್ನ ಮೊಣಕಾಲಿನ ಬಗ್ಗೆ ಎಷ್ಟು ಕಾಳಜಿ, ಪಾಪ. ಇಂಥವರು ಪಕ್ಕದಲ್ಲಿರೋದು ನಿನ್ನ ಪುಣ್ಯ ಅಂದ್ಕೊಂಡೆ."

ಕೀಲಿಯಮ್ಮ ಲೋಟ ಕೆಳಗಿಟ್ಟಳು.

"ನೋಡೋಕೆ ಹೇಗಿದ್ರು?"

"ವಯಸ್ಸಾದವರು. ಕತ್ತಲ ಮೂಲೆ ಕಂಡ್ರೆ ಕೇಳೋಕೆ ಮುಂಚೆ ಟಾರ್ಚು ಹಾಕೋರು. ನನ್ನ ಕೈಯಿಂದ ಬಿದ್ದ ಸ್ಕ್ರೂ ಹುಡುಕಿಕೊಟ್ರು."

ಅವಳು ದಿಂಬಿದ್ದ ಕುರ್ಚಿಯ ಮೇಲೆ ಕುಳಿತಳು.

ಅಸಲಿಯನ್ನು ರಿಪೇರಿ ಮಾಡುತ್ತಿದ್ದ ದಿನಗಳ ಒಂದು ಸಂಜೆ, ಕೆಲಸ ಮುಗಿಯುವ ಹೊತ್ತು. ಟಾರ್ಚು ತಾತ ಕೇಳುತ್ತಾನೆ, "ಇಳಿಸಿದ ಮೇಲೆ ಮತ್ತೆ ಯಾಕಮ್ಮ ಎರಡು ಸುತ್ತು?" ಅವಳು ಮೇಷ್ಟ್ರ ಮಾತನ್ನು ಹೇಳುತ್ತಾಳೆ. ಅವನು ಮಗುವಿನ ಹಾಗೆ ನಗುತ್ತಾನೆ. "ಹಸಿದು ಮಲಗಬಾರದು. ನಮ್ಮಮ್ಮನೂ ಅದನ್ನೇ ಹೇಳ್ತಿದ್ಲು." ಆ ನಗು ನೋಡಿ ಅವಳು ಹಿಡಿಯನ್ನು ಅವನ ಕೈಗೆ ಕೊಡುತ್ತಾಳೆ. ಅಂದಿನಿಂದ ಪ್ರತಿ ಸಂಜೆ ತುತ್ತು ಕೊಡುತ್ತಿದ್ದವನು ಅವನೇ.

ಕಲಿತವರು ಇಬ್ಬರೇ ಎಂದು ಲೆಕ್ಕ ಹಾಕಿದ್ದಳು. ತಾನು ಕಲಿಸಿದವನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಬೇಲಿಗೆ ಬಾಯಿ ತೆರೆಯಲು ಕಲಿಸಿದವಳು ಅವಳೇ.

"ಅಣ್ಣ, ನನ್ನನ್ನ..."

"ಆಮೇಲೆ," ಎಂದ ಸೂಜಿಯಣ್ಣ. ಎಡಗೈಯಿಂದ ಕೈಚೀಲ ಎತ್ತಿ ಅವಳ ಹೆಗಲಿಗೆ ಹಾಕಿದ. "ಕ್ಷಮೆ ಕೇಳೋಕೆ ಮೆಟ್ಟಿಲು ಹತ್ತಿ ಇನ್ನೊಂದು ಸಲ ಬಾ. ಕೋಪ ಇಲ್ಲ ಅಂತ ಸುಳ್ಳು ಹೇಳಲ್ಲ. ಈಗ ಹೋಗು, ಯಾರ ಪರವಾಗಿ ನಿಂತಿದ್ಯೋ ಅವರನ್ನ ನೋಡು."

ಸಂಗ್ರಹಾಲಯಕ್ಕೆ ಅವಳು ಬರುವಾಗ ಇನ್ನೂ ಬಿಸಿಲಿತ್ತು, ಆದರೆ ನೋಡಲು ಬಂದವರೆಲ್ಲ ಹೋಗಿದ್ದರು. ಹಿಂಗೋಣೆಯ ಬಾಗಿಲ ಬಳಿಯ ಬೆಂಚು ಖಾಲಿ.

"ಮನೆಗೆ ಕಳಿಸಿದೆ," ಎಂದರು ಮೇಲ್ವಿಚಾರಕರು. ಅವಳ ಮೇಜಿನ ಆಚೆ ಬದಿಯಲ್ಲಿ ಕುಳಿತಿದ್ದರು. "ನಿಮ್ಮ ಮಾತಿನ ಮೇಲೆ. ಹೆಸರು ಸಿಕ್ತಾ?"

ಬೆಂಚಿನ ಕೆಳಗೆ ತಾತನ ಚಪ್ಪಲಿಗಳು ಜೋಡಿಯಾಗಿ, ಅಚ್ಚುಕಟ್ಟಾಗಿ ಕುಳಿತಿದ್ದವು. ಟಾರ್ಚು ಅವುಗಳ ಪಕ್ಕದಲ್ಲೇ ಇತ್ತು.

ಬರಿಗಾಲಲ್ಲಿ ಮನೆಗೆ ಹೋದನೇ?

ಅವಳ ಸ್ಟೂಲಿನ ಮೇಲೆ ಏನನ್ನೋ ಕರವಸ್ತ್ರದಲ್ಲಿ ಸುತ್ತಿ, ಗಂಟು ಹಾಕಿ ಇಡಲಾಗಿತ್ತು. ಬಿಸಿನೀರಿನ ಲೋಟ ಹಿಡಿದು ತರಲು ತಾತ ಬಳಸುತ್ತಿದ್ದ ಕರವಸ್ತ್ರ. ಮೇಲ್ವಿಚಾರಕರು ಕುಳಿತ ಕಡೆಯಿಂದ ಅದು ಕಾಣುವಂತಿರಲಿಲ್ಲ. ಅವಳು ಕುಳಿತುಕೊಳ್ಳುವ ನೆಪದಲ್ಲಿ ಅದನ್ನು ಮಡಿಲಿಗೆ ಎತ್ತಿಕೊಂಡಳು.

ಬಿಚ್ಚುವ ಅಗತ್ಯವಿರಲಿಲ್ಲ. ತೂಕ ಸಾಕಿತ್ತು. ಎಲ್ಲಿ ಬಾಗುತ್ತದೆ, ಮರದ ಹಿಡಿಕೆ ಎಲ್ಲಿ ಸವೆದಿದೆ ಎಂದು ಬಟ್ಟೆಯ ಮೇಲಿನಿಂದಲೇ ಬೆರಳಿಗೆ ತಿಳಿಯಿತು. ಅಸಲಿ ಗ್ರಾಮಫೋನಿನ ಹಿಡಿ. ಅದಿಲ್ಲದೆ ಆ ಯಂತ್ರಕ್ಕೆ ಯಾರೂ ಕೀ ಕೊಡಲಾರರು.

ಕದ್ದವನು ತಂದು ಕೊಟ್ಟಿದ್ದಾನೆ. ಯಾಕೆ? ಬೆಳಗ್ಗೆ ಮಾತು ಕೊಡಬೇಡಿ ಎಂದದ್ದು ಯಾಕೆ? ಅಷ್ಟು ದಿನ ತಂದ ಬಿಸಿನೀರಿನಲ್ಲಿ ಎಷ್ಟು ನಿಜ, ಎಷ್ಟು ಹೊಂಚು?

"ಕೀಲಿಯಮ್ಮ, ಹೆಸರು ಕೇಳಿದೆ," ಎಂದರು ಮೇಲ್ವಿಚಾರಕರು.

ಆಗ ಕೇಳಿಸಿತು.

ಗೋಡೆಯ ಆಚೆಯಿಂದ ಒಂದು ಗೀರು, ಆಮೇಲೆ ಹಳೆಯ ಒಂದು ಹೆಣ್ಣುದನಿ. ಸೂಜಿಯ ಆ ಕೊರೆತ, ಗುಳ್ಳೆಯಿರುವ ಅಭ್ರಕದ ಆ ಸಣ್ಣ ಸೀಳುದನಿ. ಸಾವಿರ ಯಂತ್ರಗಳ ನಡುವೆ ಇಟ್ಟರೂ ಅವಳು ಗುರುತು ಹಿಡಿಯಬಲ್ಲಳು. ದನಿ ಒಂದು ಸಾಲು ಹಾಡಿತು. ಸಾಲಿನ ಕೊನೆಯಲ್ಲಿ ಬಳಲಿತು, ದಪ್ಪಗಾಯಿತು, ಇಳಿಯಿತು, ನಿಂತಿತು.

ಎರಡು ತುತ್ತು. ಅಷ್ಟೇ ಇದ್ದದ್ದು ಅದರ ಹೊಟ್ಟೆಯಲ್ಲಿ.

ಆ ಗೋಡೆಯ ಆಚೆ ಇದ್ದದ್ದು ಮೇಲ್ವಿಚಾರಕರ ಕೋಣೆ. ಸುಣ್ಣ ಬಳಿಯುತ್ತಿದ್ದಾರೆ ಎಂದ ಕೋಣೆ. ಬರುವಾಗ ನೋಡಿದ್ದಳು, ಬಾಗಿಲಿಗೆ ಹೊರಗಿನಿಂದ ದೊಡ್ಡ ಬೀಗ. ಹಾಗಾದರೆ ಒಳಗೆ ತಡೆ ಸರಿಸಿದವನು ಚಪ್ಪಲಿ ಇಲ್ಲೇ ಬಿಟ್ಟ ತಾತನೇ. ನೆಲದ ಮೇಲೆ ಒಂದು ಹನಿ ಸುಣ್ಣ ಇರಲಿಲ್ಲ, ವಾಸನೆಯೂ ಇರಲಿಲ್ಲ. ಬೆಳಗ್ಗೆ ಮೆರುಗೆಣ್ಣೆ ಹಿಡಿದ ಮೂಗು ಅದನ್ನು ಹೇಗೆ ಬಿಟ್ಟಿತು?

"ಕೇಳಿಸ್ತಾ?" ಎಂದಳು ಕೀಲಿಯಮ್ಮ.

"ಏನು?" ಮೇಲ್ವಿಚಾರಕರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಇಡೀ ದಿನದಲ್ಲಿ ಮೊದಲ ಸಲ ಅದನ್ನು ಒರೆಸಲಿಲ್ಲ. "ನನಗೇನೂ ಕೇಳಿಸಲಿಲ್ಲ. ನಿಮಗೆ ಆಯಾಸ ಆಗಿದೆ."

ಅವರು ಎದ್ದು, ಮೇಜನ್ನು ಬಳಸಿ ಬಂದು, ಅವಳಿಗೂ ಹೊರಬಾಗಿಲಿಗೂ ನಡುವೆ ನಿಂತರು. ಅವಳ ಮಡಿಲಿನತ್ತ ಕೈ ಚಾಚಿದರು. ಕರವಸ್ತ್ರದ ಗಂಟನ್ನು ಅವಳು ಇನ್ನೂ ಬಿಚ್ಚಿರಲಿಲ್ಲ.

"ಆ ಹಿಡಿ ಇಲ್ಲಿ ಕೊಡಿ, ಅಮ್ಮ," ಎಂದರು ಮೃದುವಾಗಿ.